ಒಂದು ತಾಸು ಸಾಕು

ಉತ್ತರ ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ ಉತ್ತರ ಹೇಳುವುದಿಲ್ಲ ಎಂದು ಹಟ ಹಿಡಿದರೆ ಅವನಿಗೆ ಏನನ್ನಬೇಕು? ಊರೆಲ್ಲ ನನ್ನ ಗಂಡನನ್ನು ಮಾಸ್ತರು ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಗಂಡನ ಹೆಸರು ಹಿಡಿದು ಕರೆಯುವ ಕಾಲ ಅದಲ್ಲ. ಹೊಂಬಳದ ನಮ್ಮ ಮನೆಯಿಂದ ದಿನಾ ಸೈಕಲ್ ತುಳಿದು ಗದಗಿನ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಹುಡುಗರು ಗಿಳಿಪಾಠ ಒಪ್ಪಿಸುವುದು ಇಂಗ್ರೇಜರ ಜೊತೆಗೇ ಹೋಗಬೇಕಂತೆ. ಒಬ್ಬೊಬ್ಬ ಹುಡುಗನೂ ತನ್ನೂರಿನದೇ ಒಂದು ಸಂಗತಿ ಹಿಡಿದು, ವರ್ಷಪೂರ್ತಿ ತಾನೇ ಪರೀಕ್ಷೆ ಮಾಡಿ, ತಾನೇ ತಿಳಿದುಕೊಳ್ಳಬೇಕಂತೆ. ಮುಂದಿನ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಎಲ್ಲರ ಎದುರು ನಿಂತು ಅದನ್ನು ಹೇಳಬೇಕಂತೆ. ಮಾಸ್ತರು ಏನೂ ಹೇಳಿಕೊಡುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ.

"ನೀವು ಹೇಳಿಕೊಡಲಿಲ್ಲಂದ್ರ ಸಾಲಿ ಯಾಕ ಬೇಕ್ರಿ?" ಎಂದೆ.

"ನಿನಗೇನ ಅನಸ್ತೈತಿ?" ಎಂದು ನನ್ನನ್ನೇ ತಿರುಗಿ ಕೇಳಿದರು. ಕೈಯಲ್ಲಿ ಸೌಟಿತ್ತು, ಹೊಡೆಯಲಿಲ್ಲ ಅಷ್ಟೆ.

ನಮ್ಮೂರಿನ ಇಬ್ಬರು ಹುಡುಗರು ಅವರ ಕೈಗೆ ಸಿಕ್ಕರು, ಕೊಟ್ರಪ್ಪ ಮತ್ತು ಜಹಾಂಗೀರ. ಇಬ್ಬರೂ ಒಂದೇ ಓಣಿಯವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಕೊಟ್ರಪ್ಪನದು ತಂದೆಯಿಲ್ಲದ ಮನೆ. ಅಣ್ಣ ದ್ಯಾಮಪ್ಪ ಕಮತ ನೋಡಿಕೊಂಡು ತಮ್ಮನನ್ನು ಓದಿಸುತ್ತಿದ್ದ. ತನಗೆ ಅಕ್ಷರ ಬಾರದು, ಆದರೆ ತಮ್ಮ ಬಾಯಿ ತೆರೆದರೆ ಸಾಕು, ಪುರಾಣ ಕೇಳಲು ಕೂತವನ ಹಾಗೆ ಕೂತುಬಿಡುತ್ತಿದ್ದ. ಅಂಥ ಅಣ್ಣ ಇದ್ದದ್ದೇ ಆ ಹುಡುಗನ ಭಾಗ್ಯ.

ಹುಡುಗರು ಆರಿಸಿಕೊಂಡದ್ದು ಹಗೇವನ್ನು. ಅಂದರೆ ಜೋಳ ತುಂಬಿಡುವ, ನೆಲದೊಳಗಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಇರುತ್ತದೆ, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಸುಗ್ಗಿಯಲ್ಲಿ ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ? ಒಳಗೆ ಉಸಿರಾಡುವಂಥ ಗಾಳಿಯೇ ಇರುವುದಿಲ್ಲ, ಅದಕ್ಕೆ. ಹುಳಕ್ಕಿಲ್ಲದ ಗಾಳಿ ಮನುಷ್ಯನಿಗೆ ಎಲ್ಲಿಂದ ಬರಬೇಕು? ನನ್ನ ತವರು ಡೋಣಿ. ಅಲ್ಲಿ ನನ್ನ ಸೋದರಮಾವ ಹಗೇವಿಗೆ ಇಳಿದು ಬಿದ್ದ. ಅವನನ್ನು ಎತ್ತಲು ಇಳಿದವನೂ ಬಿದ್ದ. ಅವನನ್ನು ಎತ್ತಲು ಹೋದವನೂ ಮೇಲೆ ಬರಲಿಲ್ಲ. ನಾನಾಗ ಲಂಗ ಉಡುವ ಹುಡುಗಿ, ಬಾಗಿಲ ಮುಂದೆ ಸಾಲಾಗಿ ಮಲಗಿಸಿದ್ದನ್ನು ಕಣ್ಣಾರೆ ಕಂಡವಳು. ಅದಕ್ಕೇ ನಮ್ಮ ಕಡೆ ಒಂದು ಪದ್ಧತಿ: ಸಂಜೆ ಕಲ್ಲು ಸರಿಸಿ ರಾತ್ರಿಯಿಡೀ ಬಾಯಿ ತೆರೆದಿಡಬೇಕು, ಬೆಳಿಗ್ಗೆ ಕಂದೀಲಿಗೆ ಹಗ್ಗ ಕಟ್ಟಿ ಜೋಳಕ್ಕೆ ತಾಗುವವರೆಗೆ ಬಿಡಬೇಕು. ದೀಪ ಉರಿದರೆ ಇಳಿ, ಆರಿದರೆ ಮನೆಗೆ ನಡಿ.

"ರಾತ್ರೆಲ್ಲಾ ಯಾಕ ಬೇಕ್ರಿ ಸರ? ಯಾರರ ಎಣಿಸಿ ನೋಡ್ಯಾರೇನು?" ಎಂದು ಕೇಳಿದ ಕೊಟ್ರಪ್ಪ.

ಮಾಸ್ತರ ಮುಖ ಅರಳಿತು. ಅವತ್ತು ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಚಳಿ ಮುಗಿದ ಮೇಲೆ ಪರೀಕ್ಷೆ ಶುರುವಾಯಿತು. ಯಾರ ಮನೆಯ ಹಗೇವು ತೆರೆದರೂ ಇಬ್ಬರೂ ಕಂದೀಲು ಹಿಡಿದು ಹಾಜರು. ಕಲ್ಲು ಸರಿಸಿದ ಕೂಡಲೇ ಬಿಟ್ಟ ದೀಪ ಪಕ್ಕನೆ ಆರುತ್ತಿತ್ತು. ಮತ್ತೆ ಮತ್ತೆ ಬಿಡುತ್ತಾ ಕೂತರೆ, ಒಂದು ತಾಸು ಆಗುವಷ್ಟರಲ್ಲಿ ಉರಿಯತೊಡಗುತ್ತಿತ್ತು. ಬೇಸಿಗೆಯಿಡೀ, ಸುಡುಸುಡು ಗಾಳಿ ಬೀಸುವಾಗ, ತೆರೆದ ಎಲ್ಲ ಹಗೇವಿನಲ್ಲೂ ಹೀಗೇ ಆಯಿತು. ಕೊಟ್ರಪ್ಪ ಬಂದು ನಮ್ಮ ಪಡಸಾಲೆಯಲ್ಲಿ ಎದೆ ಉಬ್ಬಿಸಿ ನಿಂತ.

"ಒಂದ ತಾಸು ಸಾಕ್ರಿ ಸರ. ಹಿರ್‍ಯಾರು ಸುಮ್ಮನ ಅಂಜಿ ರಾತ್ರೆಲ್ಲಾ ಕಾಯ್ತಿದ್ರು."

"ಇದು ಯಾವತ್ತೂ ಖರೆ ಏನು?" ಎಂದರು ಮಾಸ್ತರು.

"ಯಾವ ಹಗೇವಿನಾಗರ ನೋಡ್ರಿ, ಅಷ್ಟ."

"ಹೂಂ" ಎಂದರು. ಆ ಹೂಂಗುಟ್ಟುವಿಕೆ ನನಗೆ ಗೊತ್ತು. ಹುಡುಗರು ಹೋದ ಮೇಲೆ ಒಲೆ ಮುಂದಿನಿಂದ ಎದ್ದು ಬಂದೆ.

"ಅದು ಖರೆ ಏನ್ರಿ?"

"ಅರ್ಧ ಖರೆ" ಎಂದು ನಕ್ಕರು. "ಉಳದ ಅರ್ಧ ಮಳಿಗಾಲ ಬಂದ ಮ್ಯಾಲ ಅವಗ ತಿಳೀತೈತಿ. ಶ್ರಾವಣದಾಗ ಮತ್ತ ಪರೀಕ್ಷಾ ಮಾಡ್ತಾನ, ದೀಪ ಆರ್ತೈತಿ, ಬೆರಗಾಗಿ ಯಾಕ ಅಂತ ಹುಡುಕ್ತಾನ. ತನ್ನ ತಪ್ಪು ತಾನ ಹಿಡದಾಂವ ಸಾಯೂತನಾ ಮರಿಯಂಗಿಲ್ಲ."

"ಅಯ್ಯ ಶಿವನ! ಹಗೇವಿನ ಕೂಡ ಆಟ ಆಡ್ತೀರೇನ್ರಿ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈಗ ಹೇಳ್ರಿ ಆ ಹುಡಗಗ!"

"ಈಗ ಹೇಳಿದ್ರ ಅದು ನನ್ನ ತಿಳವಳಿಕಿ ಆಗತೈತಿ, ಅವಂದಲ್ಲ."

ಮಾಸ್ತರು ಕೆಟ್ಟವರಲ್ಲ. ಜ್ವರ ಬಂದ ಹುಡುಗನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಗದಗಿನ ದವಾಖಾನೆಗೆ ಒಯ್ದವರು. ಆದರೆ ಒಳ್ಳೆಯವರ ಹಟ ಬಲು ಕೆಟ್ಟದ್ದು.

ಮಳೆ ಹಿಡಿಯಿತು. ಆ ವರ್ಷದ ಮಳೆಗಾಲದ ತುಂಬ ಮನಸ್ಸಿಗೆ ಸಮಾಧಾನವೇ ಇರಲಿಲ್ಲ. ಹೊಳೆಯಾಚೆಯ ನಿಜಾಮನ ಸೀಮೆಯಲ್ಲಿ ಗಲಾಟೆ, ಜನ ಗಂಟುಮೂಟೆ ಹೊತ್ತು ಈಚೆ ದಾಟಿ ಬರುತ್ತಿದ್ದರು. ಮುಂಡರಗಿಯಲ್ಲಿ ಅವರಿಗೆ ನೆರಳು ಮಾಡಿದ್ದರು. ನಮ್ಮೂರಲ್ಲೂ ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಿದ್ದೆವು. ಆದರೆ ನನಗೆ ಹೊಳೆಯಾಚೆಯವರ ಭಯಕ್ಕಿಂತ ನಮ್ಮ ಓಣಿಯ ನೆಲದ ಭಯವೇ ಹೆಚ್ಚಾಗಿತ್ತು. ಹಗೇವಿನ ಕಲ್ಲುಗಳ ಸುತ್ತ ನೀರು ನಿಂತು ಒಳಗೆ ಇಂಗುವುದನ್ನು ನೋಡುತ್ತಾ ಹೋಗುತ್ತಿದ್ದೆ.

ಒಂದು ದಿನ ಬಾವಿಕಟ್ಟೆಯಲ್ಲಿ ಕೊಟ್ರಪ್ಪನ ತಾಯಿ ಬಸವಣ್ಣೆವ್ವ ಎಲ್ಲರೆದುರು ಹಿಗ್ಗಿ ಹೇಳಿದಳು: "ನಮ್ಮ ಕೊಟ್ರ ಕಂಡಹಿಡದಾನವಾ. ಇನ್ನ ರಾತ್ರೆಲ್ಲಾ ಹಗೇವು ಕಾಯೂದೂ ಬ್ಯಾಡ, ಕಂದೀಲ ಬಿಡೂದೂ ಬ್ಯಾಡ. ರೇಶನ್ನಿನ ಎಣ್ಣಿ ಮನ್ಯಾಗಿನ ದೀಪಕ್ಕ ಸಾಲವಲ್ಲದು, ಹಗೇವಿಗೆಲ್ಲಿ ಹಾಕೂದು? ದ್ಯಾಮ ಅಂತಾನ, ಒಂದ ತಾಸು ಬಿಟ್ಟು ಇಳದ್ರ ಆತು."

ಎತ್ತಿದ ಕೊಡ ಕೆಳಗಿಟ್ಟೆ. ಡೋಣಿಯ ಮಾವನ ಕಥೆ ಹೇಳಿದೆ. ಅವಳು ನಕ್ಕು ನನ್ನ ಕೊಡಕ್ಕೆ ಕೈ ಹಚ್ಚಿ ಎತ್ತಿಕೊಟ್ಟಳು: "ನಿಮ್ಮವರು ಕಲಿಸಿದ ವಿದ್ಯಾ, ನೀವ ನಂಬಂಗಿಲ್ಲೇನ?"

ನಾನು ಮನೆಗೆ ಬರುವಾಗ ಕೊಟ್ರಪ್ಪ ಎದುರಾದ. ಹಿಡಿದು ನಿಲ್ಲಿಸಿ ಬೈದೇ ಹೇಳಿದೆ: "ಲೇ ಶಾಣ್ಯಾ, ನಿನ್ನ ಒಂದ ತಾಸು ಅರ್ಧ ಖರೆ ಅಂತ. ನಿಮ್ಮ ಸರ ನನ್ನ ಮುಂದ ಅಂದಾರ. ಹೋಗಿ ಕೇಳು."

ಹುಡುಗನ ಕಣ್ಣು ಮಿಂಚಿದವು. ನನ್ನ ಹಿಂದೆಯೇ ಓಡಿ ಬಂದು ಕೇಳಿದ: "ಸರ, ಎಲ್ಲಿ ತಪ್ಪೈತ್ರಿ?"

ಮಾಸ್ತರು ನನ್ನ ಕಡೆ ಒಂದು ಉರಿನೋಟ ನೋಡಿದರು. ಆಮೇಲೆ ಅವನಿಗೆ, "ನಿನಗೇನ ಅನಸ್ತೈತಿ?"

"ಒಂದ ತಾಸಿಗಿಂತ ಕಡಿಮಿ ಸಾಕೇನೋ, ನಾವ ಹೆಚ್ಚಿಗಿ ಹಿಡದೇವೇನೋ ಅನಸ್ತೈತ್ರಿ."

ಆಗ ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? "ಐತವಾರ ಪರೀಕ್ಷಾ ಮಾಡು. ಸಂಜಿ ಮುಂದ ನೀನ ಬಂದು ನನಗ ಹೇಳು" ಎಂದರು. ಹುಡುಗ ಕುಣಿಯುತ್ತಾ ಹೋದ. ನಾನು ಅವತ್ತು ಗಂಡನಿಗೆ ಊಟಕ್ಕೆ ಬಡಿಸಿ ಎದುರಿಗೆ ಕೂರಲಿಲ್ಲ.

ಐತವಾರ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ, ಹೊಳೆ ದಾಟಿ ಬಂದವರಿಗೆಂದು ಮುಂಡರಗಿಗೆ ಜೋಳ ಒಯ್ಯುವ ಚಕ್ಕಡಿ ಊರ ಮುಂದೆ ನಿಂತಿತ್ತು. ಮನೆಮನೆಯವರೂ ಕೈಲಾದಷ್ಟು ಕೊಡುತ್ತಿದ್ದರು. ಮಾಸ್ತರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಜಹಾಂಗೀರ ಕೆಸರಲ್ಲಿ ಜಾರುತ್ತಾ ಓಡಿ ಬಂದ.

"ಸರ, ದ್ಯಾಮಣ್ಣ... ಒಂದ ತಾಸು ಬಿಟ್ಟು ಹಗೇವಿನಾಗ ಇಳದಾನ್ರಿ. ಚಕ್ಕಡಿಗೆ ಒಂದ ಚೀಲ ಹಾಕಾಕ. ಕರದ್ರ ಓ ಅನವಲ್ಲ."

ಮಾಸ್ತರು ಕೈಯಲ್ಲಿದ್ದ ಪಂಪು ಬಿಸಾಡಿ ಓಡಿದರು. ಓಡುವಾಗಲೇ ಅವರ ಬಾಯಿಂದ "ತಪ್ಪಾತು, ತಪ್ಪಾತು" ಎಂದು ಬರುತ್ತಿತ್ತು. ನಾನು ಕಂದೀಲು ಹಚ್ಚಿ ಸೆರಗಿನ ಮರೆಯಲ್ಲಿ ಹಿಡಿದು ಹಿಂದೆ ಓಡಿದೆ.

ಹಗೇವಿನ ಬಾಯಿ ತೆರೆದಿತ್ತು. ಸುತ್ತ ಜನ. ಬಸವಣ್ಣೆವ್ವನನ್ನು ಇಬ್ಬರು ಹೆಂಗಸರು ಹಿಡಿದಿದ್ದರು. ಕೊಟ್ರಪ್ಪ ಶಾಲೆಯ ಅಂಗಿಯ ಮೇಲೇ ನಡುವಿಗೆ ಹಗ್ಗ ಬಿಗಿದುಕೊಳ್ಳುತ್ತಿದ್ದ. ಕೆಳಗಿನಿಂದ ಒಂದು ಸದ್ದು ಬರುತ್ತಿತ್ತು, ಹೊಟ್ಟೆ ತುಂಬ ಉಂಡು ಮಲಗಿದವನ ಗೊರಕೆಯ ಹಾಗೆ. ದ್ಯಾಮಪ್ಪ ಇನ್ನೂ ಜೀವಂತ ಇದ್ದ.

ಮಾಸ್ತರನ್ನು ಕಂಡು ಹುಡುಗನ ಮುಖಕ್ಕೆ ಜೀವ ಬಂತು. "ಸರ, ಅಣ್ಣ ಉಸರಾಡಾಕತ್ಯಾನ್ರಿ. ಹಗ್ಗ ಐತಿ. ಇಳೀಲೇನ್ರಿ? ಹೇಳ್ರಿ ಸರ, ಇಳೀಲೇನು?"

ಮಾಸ್ತರು ನನ್ನ ಕೈಯಿಂದ ಕಂದೀಲು ಕಸಿದು, ಹಗ್ಗ ಕಟ್ಟಿ ಒಳಗೆ ಬಿಟ್ಟರು. ಹಗೇವಿನ ಕೊರಳು ದಾಟುವ ಮೊದಲೇ ದೀಪ ಕುಗ್ಗಿ ಆರಿತು. ಎತ್ತಿ, ಮತ್ತೆ ಹಚ್ಚಿ, ಮತ್ತೆ ಬಿಟ್ಟರು. ಮತ್ತೆ ಆರಿತು. ಗೊರಕೆ ಕೇಳುತ್ತಲೇ ಇತ್ತು.

"ಇಳೀಬ್ಯಾಡ" ಎಂದರು.

ಒಂದು ವರ್ಷದಲ್ಲಿ ಆ ಹುಡುಗ ಕೇಳಿದ ಪ್ರಶ್ನೆಗೆ ಅವರು ಕೊಟ್ಟ ನೆಟ್ಟಗಿನ ಉತ್ತರ ಅದೊಂದೇ. ಕೊಟ್ರಪ್ಪ ಅವರನ್ನೇ ನೋಡಿದ. ಆರಿದ ಕಂದೀಲು ನೋಡಿದ. ಆಮೇಲೆ ತಿರುಗಿ ಹಗೇವಿನ ಬಾಯಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತುಬಿಟ್ಟ. "ಯಾರೂ ಇಳೀಬ್ಯಾಡ್ರಿ! ಇಳದಾಂವ ಮ್ಯಾಲ ಬರಂಗಿಲ್ಲ!"

ಬಸವಣ್ಣೆವ್ವ ಕೈ ಬಿಡಿಸಿಕೊಂಡು ಬಂದಳು. ಅವನ ಎದೆಗೆ, ಮುಖಕ್ಕೆ, ಸಿಕ್ಕಲ್ಲಿ ಹೊಡೆದಳು. "ಒಡಹುಟ್ಟಿದಾಂವ ಸಾಯೂದು ನೋಡಕೋತ ನಿಂತಿಯೇನೋ ಭಾಡ್ಯಾ! ಸರಿ! ನಾ ಇಳೀತೀನಿ, ಸರಿ ಅತ್ತಾಗ!" ಹುಡುಗ ಒಂದೊಂದು ಏಟಿಗೂ ಅಳುತ್ತಿದ್ದ, ಜಾಗ ಮಾತ್ರ ಬಿಡಲಿಲ್ಲ.

ಗಂಡಸರು ಕಂಬಳಿಗೆ ಹಗ್ಗ ಕಟ್ಟಿ ಹಗೇವಿನಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ಹಾಕಿದರು. ಜಹಾಂಗೀರ ಬಾವಿಗೆ ಬಿದ್ದ ಕೊಡ ಎತ್ತುವ ಗಾಳ ತಂದು ಬಿಟ್ಟ. ಅದು ದ್ಯಾಮಪ್ಪನ ಧೋತರಕ್ಕೆ ಸಿಕ್ಕಿತು, ಎಳೆದರೆ ಧೋತರ ಹರಿಯಿತು. ಮತ್ತೆ ಬಿಟ್ಟ, ಮತ್ತೆ ಎಳೆದ. ಗೊರಕೆ ಬಿಟ್ಟು ಬಿಟ್ಟು ಬರತೊಡಗಿತು. ಆಮೇಲೆ ಬರಲಿಲ್ಲ. ಅಷ್ಟೂ ಜನರ ನಡುವೆ ಮಳೆಯ ಸದ್ದೊಂದೇ ಉಳಿಯಿತು, ಅದನ್ನು ಕೇಳಿಸಿಕೊಳ್ಳಲು ನನ್ನಿಂದಾಗಲಿಲ್ಲ, ಕಿವಿ ಮುಚ್ಚಿಕೊಂಡೆ.

ಕಂದೀಲು ಆರದೆ ಉಳಿದಾಗ ಮಧ್ಯಾಹ್ನವಾಗಿತ್ತು. ಆಗ ಇಳಿದು ಅಣ್ಣನಿಗೆ ಹಗ್ಗ ಕಟ್ಟಿದವನು ಕೊಟ್ರಪ್ಪನೇ.

ಮಣ್ಣು ಕೊಡುವಾಗ ಬಸವಣ್ಣೆವ್ವ ಕಿರಿಮಗನನ್ನು ಹತ್ತಿರ ಬಿಡಲಿಲ್ಲ. ಅವನ ಕೈಯ ಮಣ್ಣು ಬೇಡ ಎಂದು ಚೀರಿದಳು. ಊರಿನ ಹಿರಿಯರು ಅವಳಿಗೆ ತಿಳಿಹೇಳಿದರು, ಈ ಹುಡುಗ ಅಡ್ಡ ನಿಲ್ಲದಿದ್ದರೆ ಇನ್ನೂ ಎರಡು ಹೆಣ ಬೀಳುತ್ತಿದ್ದವು ಎಂದು. ಹೆತ್ತವಳಿಗೆ ಅಂಥ ಲೆಕ್ಕ ತಿಳಿಯುತ್ತದೆಯೇ?

ಆಗಸ್ಟ್ ಹದಿನೈದಕ್ಕೆ ಮಾಸ್ತರು ಗದಗಿಗೆ ಹೋಗಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತೇ ಇದ್ದರು. ಬೈಯಬೇಕೆಂದು ನಾನು ಕೂಡಿಟ್ಟುಕೊಂಡ ಮಾತು ಬೆಟ್ಟದಷ್ಟಿದ್ದವು, ಆ ಮುಖ ನೋಡಿ ಒಂದೂ ಹೊರಗೆ ಬರಲಿಲ್ಲ. ಸಂಜೆ ಕೊಟ್ರಪ್ಪ ಬಂದ. ಕೂಡು ಎಂದೆ, ಕೂಡಲಿಲ್ಲ. ಚಹಾ ಕೊಟ್ಟೆ, ಮುಟ್ಟಲಿಲ್ಲ.

"ಸರ, ಮಳಿ ನೀರು ಒಳಗ ಇಳದು ಜ್ವಾಳ ಹಸಿ ಆಗಿತ್ರಿ. ನಾ ಇಳದಾಗ ಕಾಲಿಗೆ ಬಿಸಿ ಹತ್ತಿತು. ಹಸಿ ಜ್ವಾಳ ತಾನ ಗಾಳಿ ಕೆಡಸತೈತಿ. ಬ್ಯಾಸಗಿ ಲೆಕ್ಕ ಮಳಿಗಾಲಕ್ಕ ನಡಿಯಂಗಿಲ್ಲ. ಹೌದಲ್ರಿ?"

"ಹೌದಪಾ."

"ಇದು ನಿಮಗ ಬ್ಯಾಸಗ್ಯಾಗ ಗೊತ್ತಿತ್ತು."

ಮಾಸ್ತರ ತುಟಿ ಅಲುಗಿದವು. ಎಲ್ಲಿ ಮತ್ತೆ ಪ್ರಶ್ನೆ ಕೇಳುತ್ತಾರೋ ಎಂದು ನಾನು ಹೆದರಿದೆ.

"ಗೊತ್ತಿತ್ತು" ಎಂದರು.

ಹುಡುಗ ತಲೆಯಾಡಿಸಿದ. ಕೂಗಾಡಿದ್ದರೆ, ಸೈಕಲ್ಲು ಎತ್ತಿ ಬಿಸಾಡಿದ್ದರೆ ಚಲೋ ಇತ್ತು. ತರಗತಿಯಲ್ಲಿ ಪಾಠ ಒಪ್ಪಿಸುವ ದನಿಯಲ್ಲೇ ಮಾತಾಡಿದ.

"ಕಲ್ಲು ಸರಿಸೂ ಮೊದಲ ನಮ್ಮಣ್ಣ ಕೇಳಿದ್ದ ಸರ, ನಿಮ್ಮ ಸರ ಇದಕ್ಕ ಏನಂತಾರಲೇ ಅಂತ. ಬ್ಯಾಡ ಅನ್ನಲಿಲ್ಲ ಅಂದೆ. ಹಂಗಾರ ಆತ ಬಿಡು, ತಪ್ಪಿದ್ರ ಅಷ್ಟ ದೊಡ್ಡ ಮನಶ್ಯಾ ಸುಮ್ಮನ ಇರತಿದ್ದಿಲ್ಲ, ಅಂದ."