ಯಶೋದಾ ಕೆ.

ಗಂಡನ ತಿಥಿಗೆ ಬಂದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಅತ್ತೆ ಚಿತ್ತಮ್ಮನೂ ಕುರಿ ನೋಡಿಕೊಳ್ಳುವವರಿಲ್ಲವೆಂದು ಹಟ್ಟಿಗೆ ಮರಳಿದ್ದರು. ಬೆಳಿಗ್ಗೆ ಯಶೋದಾ ನಲ್ಲಿ ನೀರು ಹಿಡಿದಳು, ಬಾಗಿಲು ಸಾರಿಸಿದಳು, ಒಬ್ಬಳಿಗಾಗುವಷ್ಟು ಉಪ್ಪಿಟ್ಟು ಮಾಡಿದಳು. ಹಿರಿಯೂರಿನ ಆ ಬೀದಿಯಲ್ಲಿ ಎಂದಿನಂತೆಯೇ ಬೆಳಗಾಗಿತ್ತು. ಅಷ್ಟರಲ್ಲಿ ದಯಾನಂದ ಬಂದ. ಅವಳ ಗಂಡ ಜುಂಜೇಶ್ ಹೆಡ್‌ಮಾಸ್ಟರಾಗಿದ್ದ ಖಾಸಗಿ ಶಾಲೆಯ ಕಾರ್ಯದರ್ಶಿ.

“ನಾಳೆ ಬಿಇಒ ಆಫೀಸಿನೋರು ಬರ್ತಾರೆ ತಂಗಿ, ಶಾಲೆ ಮಾನ್ಯತೆ ನೋಡಾಕೆ,” ಎಂದು ಅವಳ ಮುಂದೆ ಫೈಲಿಟ್ಟ. “ನೀನು ಹೆಡ್‌ಮಿಸ್ ಕುರ್ಚೀಲಿ ಕುಂತ್ಕಂಡ್ರೆ ಸಾಕು.”

“ನಂದು ಎಂಎ ಅಷ್ಟೇ ಅಣ್ಣ. ಬಿಎಡ್ ಇಲ್ದೆ ಆ ಕುರ್ಚೀಲಿ ಕುಂದ್ರಂಗಿಲ್ಲ.”

“ನಿನ್ ಗಂಡಂಗೆಲ್ಲಿತ್ತು? ಕಾಗದದಾಗೆ ಹೆಡ್‌ಮಿಸ್ ಹೆಸ್ರೇ ಬೇರೆ. ತೆಗ್ದು ನೋಡು.”

ಮೇಲೆ ಲಕೋಟೆಯೊಂದರಲ್ಲಿ ಬಿಎಡ್ ಪ್ರಮಾಣಪತ್ರ, ಅಸಲು. ಹೆಸರು ಯಶೋದಾ ಕೆ. ಅದರ ಕೆಳಗೆ ಎರಡು ವರ್ಷದ ಶಾಲೆಯ ಕಾಗದಗಳು. ಒಂದೊಂದರ ಮೇಲೂ ಮುಖ್ಯೋಪಾಧ್ಯಾಯಿನಿ ಯಶೋದಾ ಕೆ. ಎಂಬ ರುಜು. ಅಕ್ಷರ ಜುಂಜೇಶನದು.

ಅವಳು ಕೆಂಚಣ್ಣನ ಮಗಳು ಯಶೋದಾ. ಅವಳದೂ ಕೆ.

“ಇದು ಯಾರ್ದು?”

“ರಾಮಗಿರಿ ಕಾಟಲಿಂಗಪ್ಪನ ಮಗಳದು. ಇನಿಷಿಯಲ್ಲೂ ಒಂದೇ ಐತೆ, ದೇವ್ರು ಕೂಡಿಸ್ದಂಗೆ. ಇದ್ರಾಗೆ ಅಪ್ಪನ ಹೆಸ್ರಿಲ್ಲ, ಫೋಟೋನೂ ಇಲ್ಲ. ಕಾಲೇಜು, ವರ್ಷ ಬಾಯಿಪಾಠ ಮಾಡ್ಕ.”

“ನಾನು ಒಲ್ಲೆ ಅಂದ್ರೆ?”

“ಆಫೀಸಿನಾಗೆ ಹೆಡ್‌ಮಿಸ್ ನನ್ ಹೆಂಡ್ತಿ ಅಂತ ಜುಂಜೇಶನೇ ಹೇಳವ್ನೆ. ಇಷ್ಟು ದಿನ ಸೈನ್ ಹಾಕಿರೋಳು ನೀನೇ ಅಲ್ವೇನಮ್ಮ?” ದಯಾನಂದ ನಕ್ಕ. ಅವಳು ಇಟ್ಟ ಉಪ್ಪಿಟ್ಟನ್ನು ತಿಂದ. ರುಜು ಹಾಕಿದ ಕಾಗದಗಳನ್ನು ಕಂಕುಳಿಗೆ ಸೇರಿಸಿ, ಪ್ರಮಾಣಪತ್ರದ ಲಕೋಟೆಯನ್ನಷ್ಟೇ ಬಿಟ್ಟು ಹೋದ.

ಬೀದಿಯಲ್ಲಿ ಗಾಡಿಯ ಸದ್ದಾಯಿತು. ಅವಳು ಪ್ರಮಾಣಪತ್ರವನ್ನು ಅಕ್ಕಿ ಡಬ್ಬದ ಹಿಂದೆ ತುರುಕಿದಳು. ಕಸದ ಗಾಡಿ. ನಾಳೆ ಆ ಕುರ್ಚಿಯಲ್ಲಿ ಒಮ್ಮೆ ರುಜು ಹಾಕಿದರೆ ಹಿಂದಿನ ರುಜುಗಳೆಲ್ಲ ಅವಳವೇ ಆಗುತ್ತವೆ. ಈ ಹಾಳೆ ತನ್ನ ಕೈಲಿರುವ ತನಕ ದಯಾನಂದ ಬಿಡುವವನಲ್ಲ.

ಲಕೋಟೆಯ ಬೆನ್ನಿಗೆ ಗಂಡ ವಿಳಾಸ ಬರೆದಿದ್ದ: ರಾಮಗಿರಿ, ಸ್ಟೇಷನ್ ಎದುರು.

ಹೊಸದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ. “ಯಶೋದಾ ಕೆ.,” ಎಂದು ಗಟ್ಟಿಯಾಗಿ ಓದಿ ಅವಳ ಮುಖ ನೋಡಿದ. “ನೀವೇ ಏನ್ರಿ?” ಅವಳು ಹೌದೆನ್ನದೆ ಕಾರ್ಡಿಗೆ ಕೈ ಚಾಚಿದಳು. ಅವನು ಚೀಟಿ ಹರಿದು ಕೊಟ್ಟು ಮುಂದೆ ಹೋದ. ದಯಾನಂದನ ಫೋನು ಮೂರು ಸಲ ಬಂತು. ಅವಳು ಎತ್ತಲಿಲ್ಲ.

ರಾಮಗಿರಿಯಲ್ಲಿ ಬಾಗಿಲು ತೆಗೆದವಳು ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಕೈಗೆ ರಾಗಿಹಿಟ್ಟು ಮೆತ್ತಿತ್ತು.

“ಜುಂಜೇಶ್ ಮೇಷ್ಟ್ರ ಮನೆಯಿಂದ ಬಂದೆ.”

“ಅಂತೂ ನೆನಪಾಯ್ತಾ? ಎಂಟು ದಿನಕ್ಕೆ ಅಂತ ಇಸ್ಕಂಡು ಹೋಗಿದ್ದು. ಒರಿಜಿನಲ್ ಇಲ್ಲ ಅಂತ ಎರಡು ಕಡೆ ಕೆಲ್ಸ ಬಿಟ್ಟೆ ನಾನು. ಯಾಕೆ, ತಾವೇ ಬರಾಕೆ ಮುಖ ಇಲ್ವಂತಾ?”

“ತೀರಿಕೊಂಡ್ರು.”

ಹಿಟ್ಟಿನ ಕೈ ಸೆರಗಿನ ಮೇಲೆ ಹಾಗೇ ನಿಂತಿತು. “ಒಳಗೆ ಬರ್ರಿ,” ಎಂದಳು ಆಮೇಲೆ. “ನಿಮ್ಮ ಹೆಸ್ರು?”

ಯಶೋದಾ ಹೆಸರು ಹೇಳಲಿಲ್ಲ. ಚೀಲದೊಳಗೆ ಮತ್ತೆ ಫೋನು ಬಡಿದುಕೊಳ್ಳುತ್ತಿತ್ತು.

“ಇನ್ಮೇಲೆ ಯಾರು ಕೇಳಿದ್ರೂ ಇದನ್ನ ಕೊಡಬ್ಯಾಡ್ರಿ ಅಕ್ಕ. ನಾನೇ ಬಂದು ಕೇಳಿದ್ರೂ ಕೊಡಬ್ಯಾಡ್ರಿ.”

ಹೊಸ್ತಿಲಾಚೆಯೇ ನಿಂತು ಅವಳು ಲಕೋಟೆಯನ್ನು ಎರಡೂ ಕೈಯಲ್ಲಿ ಚಾಚಿದಳು. ಆ ಇನ್ನೊಬ್ಬ ಯಶೋದಾ ಕೈ ಒರೆಸಿಕೊಂಡು ತೆಗೆದುಕೊಂಡಳು.