ನೆರಳಲ್ಲಿ ಮಲಗಿದ ಟವೆಲ್

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು, ಮೇಲೊಂದು ಟವೆಲ್ಲೂ ಬೇಕು. ಗಾದೆ ಕೆಡಿಸಿದವನು ನಾನು. ಕಥೆಯಲ್ಲಿ ಮಾತ್ರ ಒಂದು ಕಾಳೂ ಕಲಬೆರಕೆಯಿಲ್ಲ.

ತೊಂಬತ್ತೆಂಟರ ಮಾತು. ಹಗರಿಬೊಮ್ಮನಹಳ್ಳಿಯ ನಮಗೆ ಸಮುದ್ರವೆಂದರೆ ತುಂಗಭದ್ರೆಯ ಹಿನ್ನೀರು. ಡ್ಯಾಂ ತುಂಬಿತೆಂದರೆ ಸಾಕು, ಭಾನುವಾರ ಅರ್ಧ ಪೇಟೆ ಬುತ್ತಿ ಕಟ್ಟಿಕೊಂಡು ದಂಡೆಗೆ ಹೊರಡುತ್ತಿತ್ತು. ನೀರು ಕಣ್ಣು ಹಾಯುವಷ್ಟು ದೂರ. ನೆರಳು ಒಂದೇ ಒಂದು ಬೇವಿನ ಮರದ್ದು.

ಆ ನೆರಳಿಗೆ ಜವಳಿ ಅಂಗಡಿ ಗುರುಸಂಗಪ್ಪನವರು ಬಸ್ಸಿನ ಕಾನೂನು ತಂದಿದ್ದರು. ಕಿಟಕಿಯಿಂದ ಟವೆಲ್ ಎಸೆದವನದೇ ಸೀಟಲ್ಲವೇ? ಹಾಗೆಯೇ ಬೆಳಿಗ್ಗೆ ಏಳಕ್ಕೆ ಆಳು ಓಬಣ್ಣ ಸೈಕಲ್ಲಿನಲ್ಲಿ ಹೋಗಿ ಮರದ ಬುಡಕ್ಕೆ ಟವೆಲ್ ಹಾಸಿ ಬರುತ್ತಿದ್ದ. ಸಾಹುಕಾರರು ಬರುತ್ತಿದ್ದುದು ಹನ್ನೆರಡಕ್ಕೆ. ಒಂದು ವಾರ ಗೆಳೆಯ ಅತಾವುಲ್ಲಾನ ತಾಯಿ ಸುಲ್ತಾನಬಿ ನೋಯುವ ಮೊಣಕಾಲು ಹಿಡಿದು ಬಿಸಿಲಲ್ಲಿ ಕೂತಿದ್ದರು. ಟವೆಲ್ ನೆರಳಲ್ಲಿ ತಣ್ಣಗೆ ಮಲಗಿತ್ತು. ಹನ್ನೆರಡಕ್ಕೆ ಬಂದಾಗ ಜಾಗ ಕೇಳಿದರೆ ಗುರುಸಂಗಪ್ಪನವರು, "ಟವೆಲ್ ಬಿದ್ದಮ್ಯಾಲ ಮುಗೀತ್ರೀ!" ಎಂದುಬಿಟ್ಟರು. ಮೂಗಿನಿಂದ ಹೊರಡುವ ಆ ದನಿಯನ್ನು ನಾನು ವಾರವೆಲ್ಲ ಚಹಾದಂಗಡಿಯಲ್ಲಿ ತಾಲೀಮು ಮಾಡಿದೆ.

"ಬರೇ ಅಣಕಿಸಿದ್ರ ಏನ್ ಬಂತಲೇ? ನಾವೂ ಟವೆಲ್ ಹಾಸಾನು," ಎಂದ ಅತಾವುಲ್ಲಾ.

"ನಾವಷ್ಟ ಯಾಕಲೇ? ಊರ ಹಾಸ್ಲಿ," ಎಂದೆ.

ಶನಿವಾರ ಮನೆಗೊಬ್ಬರಂತೆ ಹೋಗಿ ಗುರುಸಂಗಪ್ಪನವರ ಅಂಗಡಿಯಲ್ಲೇ ಟವೆಲ್ ಕೊಂಡೆವು. "ಏನ್ರೀ, ಊರಿಗೂರ ಜಳಕಕ್ಕ ಹೊಂಟೈತೇನು?" ಎಂದು ಅವರು ಹಿಗ್ಗಿದರು. ನಮಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅವರ ಮಗನಿಗೆ ನೋಡಿದ್ದ ಹುಡುಗಿಯ ಅಜ್ಜಿ ಭರಮಮ್ಮ ಮರುದಿನ ಹರಪನಹಳ್ಳಿಯಿಂದ ಮನೆ ನೋಡಲು ಬರುವವರಿದ್ದರು. ಅಜ್ಜಿ ಹೂಂ ಅಂದರಷ್ಟೇ ಸಂಬಂಧ. "ನಮ್ಮ ಗಿಡದ ನೆಳ್ಳಾಗ ಊಟ" ಎಂದು ಸಾಹುಕಾರರು ಹೇಳಿಯೂ ಆಗಿತ್ತು.

ಭಾನುವಾರ ಆರಕ್ಕೇ ದಂಡೆಯುದ್ದಕ್ಕೂ ಟವೆಲ್ ಬಿದ್ದವು. ಓಬಣ್ಣ ಬಂದ, ಜಾಗ ಕಾಣಲಿಲ್ಲ. ಸಾಹುಕಾರರಿಗೆ ಹೇಳುವ ಧೈರ್ಯವಾಗದೆ ಟವೆಲ್ ಹೆಗಲಿಗೇರಿಸಿ ನಮ್ಮ ಜೊತೆಯೇ ಮಂಡಕ್ಕಿಗೆ ಕೂತ.

ಹನ್ನೆರಡಕ್ಕೆ ಜೀಪು ನಿಂತಿತು. "ಬರ್ರಿ ಅಮ್ಮಾರ, ನಮ್ಮ ಜಾಗ ತೋರಸ್ತೀನಿ..." ಎಂದ ಗುರುಸಂಗಪ್ಪನವರ ಮಾತು ಅಲ್ಲೇ ನಿಂತಿತು. ಮರದ ಬುಡದಲ್ಲಿ ಸುಲ್ತಾನಬಿ ಕಾಲು ಚಾಚಿ ಕೂತಿದ್ದರು. ಸಾಹುಕಾರರು ಪಕ್ಕದ ಟವೆಲ್ಲಿಗೆ ಕೈಹಾಕಿದರು. ಮರದ ಹಿಂದಿದ್ದ ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

"ಏ! ಟವೆಲ್ ಬಿದ್ದಮ್ಯಾಲ ಮುಗೀತ್ರೀ!" ಸಾಹುಕಾರರದೇ ಮೂಗಿನ ದನಿ.

ಅಜ್ಜಿ ಬೆರಗಾದರು. "ಏನ್ ಬೀಗ್ರೆ, ಬಾಯಿ ಮುಚ್ಕಂಡೇ ಮಾತಾಡ್ತೀರಲ್ಲ!"

ಗುರುಸಂಗಪ್ಪನವರ ಮುಖ ಕೆಂಪೇರಿತು. ಬೀಗರು ಬಂದ ಸಂಗತಿ ನನಗೆ ತಿಳಿದದ್ದು ಆಗಲೇ. ಒಂದು ಮದುವೆ ಮುರಿದೆನಲ್ಲಾ ಎಂದುಕೊಂಡೆ. ಅಷ್ಟರಲ್ಲಿ ಸುಲ್ತಾನಬಿ ಸರಿದು ಕೂತು, "ಬಾರಕ್ಕಾ, ಇಲ್ಲಿ ಕುಂದ್ರು. ಮೊಣಕಾಲು ನಿಂದೂ ನನ್ನಂಗ ಕಾಣ್ತಾವ" ಎಂದರು. ಭರಮಮ್ಮ ಕೂತರು, ಮಿರ್ಚಿ ಬಜ್ಜಿ ತಿಂದರು, ಟವೆಲ್ಲಿನ ತುದಿಗೆ ಕೈ ಒರೆಸಿ ಅದನ್ನೇ ನೋಡಿದರು.

"ಬೀಗ್ರೆ, ಇದ್ರಾಗೆ ನಿಮ್ಮಂಗಡಿ ಚೀಟಿ ಐತಲ್ಲ?"

ಸಾಹುಕಾರರು ಪಕ್ಕದ ಟವೆಲ್ ಮಗುಚಿದರು. ಅದರಲ್ಲೂ ಅದೇ ಚೀಟಿ. ಇನ್ನೊಂದು, ಮತ್ತೊಂದು. ನೀರಿನಂಚಿನವರೆಗೂ ಮಗುಚುತ್ತಾ ಹೋದವರು ತಿರುಗಿ ನಿಂತರು.

"ಅಯ್ಯೋ ಶಿವನ! ನನ್ನ ಜಾಗಾನ ನಾನ ಮಾರೀನಲ್ರೀ!"

"ಹೂಂ, ಹುಡುಗಿ ಕೊಟ್ವಿ ಬಿಡ್ರಿ," ಎಂದು ಅಜ್ಜಿ ನಕ್ಕರು. "ಹಿಂಗ್ ವ್ಯಾಪಾರ ಮಾಡೋರು ಸಿಗಲ್ಲ."

ದಂಡೆಗೆ ದಂಡೆಯೇ ನಕ್ಕಿತು. ಗುರುಸಂಗಪ್ಪನವರು ಕೂರಲು ಜಾಗವಿಲ್ಲದೆ ಪಂಚೆ ಎತ್ತಿ ನೀರಲ್ಲೇ ನಿಂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ನಗೆ ನಮ್ಮೆಲ್ಲರ ನಗೆಯನ್ನು ಮುಳುಗಿಸಿತು. ಅದನ್ನು ಅಣಕಿಸಲು ಹೋಗಿ ನಾನು ಕೆಮ್ಮಿದೆ.