ದೊಡ್ಡಮ್ಮನ ಮಗಳು

"ಎಂಟು ವರ್ಷದ ಮಕ್ಕಳಿಗೆ ಎಲ್‌ಜಿಬಿಟಿ ಇತಿಹಾಸ ಯಾಕ್ರೀ? ಮೊದ್ಲು ಮಗ್ಗಿ ನೆಟ್ಟಗೆ ಹೇಳ್ಲಿ," ಎಂದ ಹಾಕಿ ಕೋಚ್ ಡುವೇನ್. ಶಾಲಾ ಮಂಡಳಿಯ ಸಭೆಗೆಂದು ಊಟದ ಹಾಲ್‌ನಲ್ಲಿ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತಿದ್ದ ತಂದೆತಾಯಿಗಳು ನಕ್ಕರು.

ರೆನೆ ಕೂತಲ್ಲಿಂದಲೇ ಕೂಗಿದಳು. "ನನ್ನ ಮಗಳ ಪಕ್ಕ ಕೂರೋ ಹುಡುಗನಿಗೆ ಇಬ್ರು ಅಪ್ಪಂದಿರು. ಅಂಥೋರು ಹಿಂದೇನೂ ಇದ್ರು ಅಂತ ಅವ್ನಿಗೆ ಗೊತ್ತಾಗ್ಬಾರ್ದಾ?"

"ಅವನು ನಮ್ಮ ಹಾಕಿ ಟೀಮಿನ ಗೋಲ್‌ಕೀಪರ್ ಕಣಮ್ಮ. ನಂದೇನೂ ತಕರಾರಿಲ್ಲ. ಒಂದಾದ್ರೂ ಗೋಲ್ ತಡೀಲಿ, ಸಾಕು."

ಗಲಾಟೆ ಶುರುವಾಗಿದ್ದು ಒಂದು ಫೋಟೋದಿಂದ. ಅಕ್ಟೋಬರ್ ಎಲ್‌ಜಿಬಿಟಿ ಇತಿಹಾಸದ ತಿಂಗಳೆಂದು ಮೂರನೇ ತರಗತಿಯ ಟೀಚರ್ ಕೆಲ್ಸಿ ಅದನ್ನು ಗೋಡೆಗೆ ಅಂಟಿಸಿದ್ದಳು. ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಲೊರೇನ್ ಮತ್ತು ಆರ್ಡಿಸ್. ಕೆಳಗೆ, 'ನಮ್ಮೂರಿನ ಜೋಡಿ'. ಊರಿನ ಅರ್ಧ ಜನಕ್ಕೆ ಸರೋವರದಲ್ಲಿ ಈಜು ಕಲಿಸಿದ್ದ ಲೊರೇನ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಆರ್ಡಿಸ್ ಕೊನೆಯ ಬೆಂಚಿನಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಪಕ್ಕದ ಮನೆಯ ಕಾನಿ ಅವಳನ್ನು ಕಾರಿನಲ್ಲಿ ಕರೆತಂದಿದ್ದಳು.

ಈಗ ಮೈಕಿನ ಮುಂದೆ ಹೋದವಳೂ ಕಾನಿಯೇ.

"ಲೊರೇನ್ ನಂಗೂ ಈಜು ಕಲಿಸಿದ್ರು, ನನ್ನ ಮಕ್ಕಳಿಗೂ ಕಲಿಸಿದ್ರು. ಆರ್ಡಿಸ್‌ಗೆ ಅವರು ದೊಡ್ಡಮ್ಮನ ಮಗಳು, ಇಡೀ ಊರಿಗೇ ಗೊತ್ತು. ಸತ್ತೋರ ಮೇಲೆ ಇಲ್ಲದ್ದು ಹೊರಿಸ್ತಾಳಲ್ಲ, ಈ ಟೀಚರ್ ಹುಡುಗಿಗೆ ನಾಚಿಕೆ ಬೇಡ್ವಾ? ಪಾಪ, ಆರ್ಡಿಸ್ ಇಲ್ಲೇ ಕೂತಿದಾರೆ." ಅವಳು ಕೊನೆಯ ಬೆಂಚಿನ ಕಡೆ ಕೈ ತೋರಿಸಿದಳು. ಆ ಮಾತಿನಲ್ಲಿದ್ದದ್ದು ನಿಜವಾದ ಪ್ರೀತಿಯೆಂದು ಆರ್ಡಿಸ್‌ಗೆ ಗೊತ್ತಿತ್ತು.

ಎಲ್ಲರೂ ಕೆಲ್ಸಿಯ ಕಡೆ ತಿರುಗಿದರು. ಫೋಟೋ ಕೊಟ್ಟವರು ಯಾರೆಂದು ಆ ಹುಡುಗಿ ಹೇಳಬಹುದಿತ್ತು. ಬದಲಿಗೆ ತಲೆ ತಗ್ಗಿಸಿ ತನ್ನ ಉಗುರು ನೋಡುತ್ತ ಕೂತಳು.

ದೊಡ್ಡಮ್ಮನ ಮಗಳು. ಇಬ್ಬರೂ ಸೇರಿ ಮನೆ ಬಾಡಿಗೆಗೆ ಹಿಡಿದ ದಿನ ಲೊರೇನ್ ಬಾಯಿಗೆ ಬಂದಂತೆ ಹೇಳಿದ್ದು; ಊರು ಅದನ್ನು ಒಪ್ಪಿಕೊಂಡಿತ್ತು, ಬಹುಶಃ ನಂಬದೆಯೂ. ಆ ಮಾತಿನಿಂದಲೇ ಆಸ್ಪತ್ರೆಯ ಕೋಣೆಗೆ ಆರ್ಡಿಸ್‌ಳನ್ನು ಬಿಟ್ಟರು. ಆ ಮಾತಿನಿಂದಲೇ ಚರ್ಚಿನ ಶವಸಂಸ್ಕಾರದಲ್ಲಿ ಮೂರನೆಯ ಸಾಲಿನಲ್ಲಿ ಕೂರಿಸಿದರು. ಹತ್ತಿರದ ಸಂಬಂಧಿಕರ ಮೊದಲ ಸಾಲಿನಲ್ಲಿ ಕೂತಿದ್ದವನು ಡುಲುತ್ ನಗರದಿಂದ ಬಂದ ಲೊರೇನಳ ಅಣ್ಣನ ಮಗ. ಅತ್ತೆಗೆ ಯಾವ ಹೂವು ಇಷ್ಟವಿತ್ತೆಂದು ಅವನು ಹಿಂದೆ ತಿರುಗಿ ಇವಳನ್ನೇ ಕೇಳಿದ್ದ. ಆ ವಾರವೆಲ್ಲ ಹೆಂಗಸರು ಬಿಸಿ ಪಾತ್ರೆಗಳಲ್ಲಿ ಊಟ ತಂದರು. ಆರ್ಡಿಸ್ ಒಬ್ಬಳೇ ಕೂತು ಉಂಡಳು. ಲೊರೇನ್ ಅವಳಿಗೆ ಏನಾಗಿದ್ದಳೆಂದು ಯಾರೂ ಕೇಳಲಿಲ್ಲ. ಕೇಳದಿರುವುದೇ ಊರಿನ ಮರ್ಯಾದೆಯಾಗಿತ್ತು.

ಆರ್ಡಿಸ್ ಎದ್ದಳು. ಕಾನಿ ಕೈಹಿಡಿದು ನಡೆಸಿ, ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿಕೊಟ್ಟಳು. "ಹೇಳಿ ಆರ್ಡಿಸ್, ಭಯ ಬೇಡ."

"ನಮ್ಮಮ್ಮನಿಗೆ ಅಕ್ಕತಂಗೀರು ಇರ್ಲಿಲ್ಲ," ಎಂದಳು ಆರ್ಡಿಸ್. ಧ್ವನಿ ಜೋರಾಗಿ ಕೇಳಿ ತಾನೇ ಬೆಚ್ಚಿ, ಸ್ವಲ್ಪ ಹಿಂದೆ ಸರಿದಳು. "ಅಪ್ಪನೂ ಒಬ್ಬನೇ ಮಗ. ಫೋಟೋ ಕೊಟ್ಟಿದ್ದು ನಾನು. ಟೀಚರನ್ನ ಬಯ್ಬೇಡಿ."

 ಮಂಡಳಿಯ ಅಧ್ಯಕ್ಷರು ಗಡಿಯಾರ ನೋಡಿ, "ನಿಮಗಿನ್ನೂ ಟೈಮ್ ಇದೆ," ಎಂದರು.

"ಸಾಕು."

ಆ ಪಾಠದ ಬಗ್ಗೆ ತೀರ್ಮಾನವನ್ನು ಮುಂದಿನ ತಿಂಗಳಿಗೆ ತಳ್ಳಿದರು. ಹೊರಡುವಾಗ ಆರ್ಡಿಸ್ ಸುತ್ತ ಜಾಗ ಬಿಟ್ಟುಕೊಂಡೇ ಜನ ನಡೆದರು. ಡುವೇನ್ ಬಾಗಿಲು ಹಿಡಿದು ನಿಂತ. ಕಣ್ಣು ಮಾತ್ರ ನೆಲದ ಮೇಲಿತ್ತು. ಕೆಲ್ಸಿ ದೂರದಿಂದ ಕೈ ಎತ್ತಿದಳು.

ಹೊರಗೆ ಕಾರುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಕಾನಿ ತನ್ನ ಕಡೆಯ ಗಾಜನ್ನು ಕೆರೆದಳು. ಮಧ್ಯಕ್ಕೆ ಬಂದು ಕೈ ನಿಲ್ಲಿಸಿದಳು. ಆರ್ಡಿಸ್ ಕೂರುವ ಕಡೆಯದನ್ನು ಹಾಗೇ ಬಿಟ್ಟು, ಒಳಗೆ ಬಂದು ಕೂತಳು.

"ಬೆಲ್ಟ್ ಹಾಕ್ಕೊಳ್ಳಿ," ಎಂದಳು.

ಆರ್ಡಿಸ್ ಹಾಕಿಕೊಂಡಳು. ಅವಳ ಎದುರಿನ ಗಾಜು ಪೂರ್ತಿ ಬೆಳ್ಳಗಿತ್ತು. ಬೀದಿದೀಪಗಳು ಕದಡಿದಂತೆ ಕಂಡು ಹಿಂದೆ ಸರಿಯುತ್ತಿದ್ದವು. ಸೇತುವೆ ದಾಟುವ ಹೊತ್ತಿಗೆ ಹೀಟರಿನ ಬಿಸಿಗೆ ಗಾಜಿನ ಕೆಳತುದಿಯಲ್ಲಿ ಅಂಗೈಯಗಲ ಜಾಗ ತಿಳಿಯಾಯಿತು. ಅವಳು ಬಗ್ಗಿ, ಅದರೊಳಗಿಂದ ರಸ್ತೆ ನೋಡತೊಡಗಿದಳು.